ಚಪ್ಪಲಿಯಲ್ಲಿ ಕಾಲಿರಲಿಲ್ಲ, ಅಷ್ಟೇ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಮರೀ,

ಹೇಗಿದ್ದೀಯಪ್ಪ? ಸೊಂಟನೋವು ಕಡಿಮೆಯಾಯಿತೇ? ಲಿಫ್ಟ್ ರಿಪೇರಿ ಅಂದರೆ ದಿನವಿಡೀ ಬಗ್ಗುವುದು, ಏಳುವುದು, ಬೆನ್ನೇನು ಕಬ್ಬಿಣದ್ದೇ? ಬಿಸಿನೀರಿನ ಚೀಲ ಕಳಿಸಿದ್ದೆನಲ್ಲ, ಅದು ಪೆಟ್ಟಿಗೆಯಿಂದ ಹೊರಗೆ ಬಂದಿದೆಯೋ ಇಲ್ಲವೋ ದೇವರಿಗೇ ಗೊತ್ತು. ನಾವಿಬ್ಬರೂ ಆರಾಮಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಧಸಕ್ಕೆನ್ನಬಾರದು. ನಿಮ್ಮಪ್ಪ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕಾಲು ಚಾಚಿ, ಯುದ್ಧ ಗೆದ್ದು ಬಂದವರ ಹಾಗೆ ಪೇಪರ್ ಓದುತ್ತಿದ್ದಾರೆ. ಗಳಿಗೆಗೊಮ್ಮೆ ಚಹಾ ಕೇಳುತ್ತಾರೆ. ಕೇಳಲಿ, ಈ ವಾರ ನಾನು ಏನೂ ಅನ್ನುವುದಿಲ್ಲ.

ಆದದ್ದು ಮೊನ್ನೆ. ಹಲ್ಲಿನ ಡಾಕ್ಟರರ ಹೊಸ ಕ್ಲಿನಿಕ್ಕಿಗೆ ಕಿಟಕಿ ಪರದೆ ಹೊಲಿದುಕೊಡಲು ಒಪ್ಪಿಕೊಂಡಿದ್ದೆನಲ್ಲ, ಅದನ್ನು ಮುಗಿಸಿ, ಇಸ್ತ್ರಿ ಮಾಡಿ, ಹಳೇ ಹೊದಿಕೆಯಲ್ಲಿ ದೊಡ್ಡ ಗಂಟು ಕಟ್ಟಿದೆ. "ಒಬ್ಬಳೇ ಹೋಗ್ಬೇಡ, ನಾನೂ ಬರ್ತೀನಿ" ಅಂತ ನಿಮ್ಮಪ್ಪನೂ ಹೊರಟರು. ಅವರ ನಡಿಗೆ ನಿನಗೆ ಗೊತ್ತೇ ಇದೆ. ನಾಲ್ಕು ಹೆಜ್ಜೆ ಇಡುವುದು, ನಿಂತು ಯಾರದೋ ಗೇಟಿನ ಬಣ್ಣ ಚೆನ್ನಾಗಿಲ್ಲ ಅನ್ನುವುದು. ನನಗೋ ಅವಸರ. ಅಂಚೆ ಕಚೇರಿಯ ಮುಂದೆ ರಸ್ತೆ ದಾಟಲು ಬಿಳಿ ಪಟ್ಟೆ ಬಳಿದಿದ್ದಾರಲ್ಲ, ಅಲ್ಲಿ ನಮ್ಮ ಕಡೆಯ ದೀಪ ಹಸಿರಾಯಿತು. ಗಾಡಿಗಳು ನಿಂತವು. ಗಂಟು ತಬ್ಬಿಕೊಂಡು ನಾನು ಮುಂದೆ, ಅವರು ಹಿಂದೆ. ನಡುರಸ್ತೆಗೆ ಬರುವಷ್ಟರಲ್ಲಿ, ನಿಂತಿದ್ದ ಬಸ್ಸಿನ ಮರೆಯಿಂದ ಒಂದು ಬೂದು ಬಣ್ಣದ ಕಾರು ದೀಪವನ್ನೂ ನೋಡದೆ ನುಗ್ಗಿ ಬಂತು. ಗಂಟು ಅಡ್ಡವಿತ್ತು, ನನಗೆ ಕಾಣಲೇ ಇಲ್ಲ. ಕೇಳಿಸಿದ್ದು ನಿಮ್ಮಪ್ಪನ ಕೂಗು: "ಏ, ನಿಲ್ಲೇ! ಕಾರು!" ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮನುಷ್ಯ, ನನ್ನ ತೋಳು ಹಿಡಿದು ಅದೆಷ್ಟು ಜೋರಾಗಿ ಎಳೆದರೆಂದರೆ ಇಬ್ಬರೂ ಮಗುಚಿ ಬಿದ್ದೆವು. ಗಂಟು ಕೆಳಗೆ, ಅದರ ಮೇಲೆ ನಾನು. ಅವರ ಮೊಣಕಾಲು ಮಾತ್ರ ಟಾರಿನ ಮೇಲೆ. ಕಾರು ನನ್ನ ಚಪ್ಪಲಿಯ ಮೇಲೇ ಹಾದುಹೋಯಿತು. ಚಪ್ಪಲಿಯಲ್ಲಿ ಕಾಲಿರಲಿಲ್ಲ, ಅಷ್ಟೇ.

ಸ್ವಲ್ಪ ಮುಂದೆ ಹೋಗಿ ಅದು ಕಿರ್ರೆಂದು ನಿಂತಿತು. ಜನ ಸೇರಿದರು. ಹಣ್ಣಿನ ಗಾಡಿಯವನು "ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ?" ಅಂತ ಕಾರಿನ ಬಾಗಿಲು ಬಡಿದ. ಇಳಿದವನು ನಿನ್ನ ವಯಸ್ಸಿನವನೇ. ಮುಖ ಬಿಳಿಚಿಕೊಂಡಿತ್ತು. ನಿಮ್ಮಪ್ಪ ಕುಂಟುತ್ತಲೇ ಹೋಗಿ ಅವನ ಕೊರಳಪಟ್ಟಿ ಹಿಡಿದರು. ಇಷ್ಟು ವರ್ಷದಲ್ಲಿ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ, ಅವತ್ತು ಎತ್ತಿದರು. ಅಷ್ಟರಲ್ಲಿ ತೆರೆದ ಬಾಗಿಲಿನೊಳಗೆ ಬಿದ್ದಿದ್ದ ಫೋನಿನಿಂದ ಒಂದು ಹೆಣ್ಣುದನಿ: "ಮಗನೇ, ಏನೋ ಅದು ಸದ್ದು? ಯಾಕಪ್ಪ ಮಾತಾಡ್ತಿಲ್ಲ?" ನಿಮ್ಮಪ್ಪನ ಕೈ ಎತ್ತಿದಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿ ಅವನ ಕೊರಳಪಟ್ಟಿ ಹಾಗೇ ಇತ್ತು. ಆಕೆ ಮತ್ತೆ ಮತ್ತೆ ಕರೆಯುತ್ತಿದ್ದರು, ಪ್ರತಿ ಸಲವೂ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬರಿಗಾಲಲ್ಲೇ ಹೋಗಿ ಫೋನ್ ಎತ್ತಿಕೊಂಡೆ. "ಏನೂ ಆಗಿಲ್ಲಮ್ಮ, ನಿಮ್ಮ ಮಗ ಚೆನ್ನಾಗಿದ್ದಾನೆ. ನನ್ನೆದುರಿಗೇ ನಿಂತಿದ್ದಾನೆ" ಅಂದೆ. ಆಕೆ ಅಳುತ್ತಾ, "ಊಟ ಆಯ್ತಾ ಅಂತ ಕೇಳ್ತಿದ್ದೆ, ಅಷ್ಟೇ ಕಣಮ್ಮ. ನೀವ್ಯಾರು?" ಅಂದರು. ಏನು ಹೇಳಲಿ ಮರಿ? "ದಾರೀಲಿ ಹೋಗ್ತಿದ್ದೋಳು" ಅಂದೆ.

ಅದನ್ನು ಕೇಳಿದ್ದೇ ತಡ, ಅವನು ಫುಟ್‌ಪಾತಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಹೊಡೆಯಲು ಹೋದ ನಿಮ್ಮಪ್ಪನೇ ಹಣ್ಣಿನವನ ಹತ್ತಿರ ನೀರು ಕೇಳಿ ತಂದು ಕುಡಿಸಿದರು. "ಕೀಲಿ ಇಲ್ಲಿ ಕೊಡು. ಕೈ ನಡುಗೋದು ನಿಲ್ಲೋ ತನಕ ಗಾಡಿ ಮುಟ್ಟೋ ಹಾಗಿಲ್ಲ" ಅಂತ ಗದರಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಅವನ ಪಕ್ಕದಲ್ಲೇ ಕೂತರು. ಆಮೇಲೆ ಆ ಹಲ್ಲಿನ ಡಾಕ್ಟರರೇ ಇವರ ಮೊಣಕಾಲು ತೊಳೆದು ಪಟ್ಟಿ ಕಟ್ಟಿದರು. "ಸದ್ಯ, ಕೀಳ್ತೀನಿ ಅನ್ನಲಿಲ್ಲ" ಅಂತ ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾರೆ. ಕೊಳೆಯಾದ ಪರದೆಗಳನ್ನು ಮತ್ತೆ ಒಗೆದುಕೊಟ್ಟೆ. ಅವತ್ತು ಮನೆಗೆ ಬರುವಾಗ ನಿಮ್ಮಪ್ಪ ನನ್ನ ಕೈ ಬಿಡಲೇ ಇಲ್ಲ. ಬೀದಿಯಲ್ಲಿ ನನ್ನ ಕೈ ಹಿಡಿದು ನಡೆದದ್ದು ಇದೇ ಮೊದಲು. ನಾನೂ ಅವಸರ ಮಾಡಲಿಲ್ಲ. ಎಲ್ಲ ಗೇಟುಗಳ ಬಣ್ಣವನ್ನೂ ನಿಂತು ನೋಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಕೈಯೂ ಸದಾ ನಿನ್ನ ತಲೆಯ ಮೇಲಿದೆ. ನಿಮ್ಮಪ್ಪ ಆಶೀರ್ವಾದ ಬರಿ ಅನ್ನುತ್ತಿದ್ದಾರೆ, ಜೊತೆಗೆ ಇನ್ನೊಂದು ಲೋಟ ಚಹಾ ಅಂತ.

ನಿನ್ನ
ಅಮ್ಮ

ತಾ.ಕ.: ಬರೆಯಲು ಮನಸ್ಸಾಗದೆ ಇದನ್ನು ಕೊನೆಗೆ ಇಟ್ಟುಕೊಂಡೆ. ದಿನಾ ಸಂಜೆ ಕೆಲಸ ಮುಗಿಸಿ ಹೊರಟವನು ಕಾರಿನಿಂದಲೇ ನನಗೆ ಫೋನ್ ಮಾಡುತ್ತೀಯಲ್ಲ, ನಾನು ಬೆಳಗಿನಿಂದ ಅದಕ್ಕೇ ಕಾಯುತ್ತಿರುತ್ತೇನೆ. ಮೊನ್ನೆಯೂ ನಿನ್ನೆಯೂ ನೀನು ಮಾಡಿದೆ. ನಾನು ಇದನ್ನೆಲ್ಲ ಹೇಳಲಿಲ್ಲ, ಯಾಕೆಂದರೆ ನಿನ್ನ ಕೈಯಲ್ಲಿ ಸ್ಟೀರಿಂಗ್ ಇತ್ತು. ಇನ್ನು ಮೇಲೆ ಹಾಗೆ ಬೇಡ ಕಂದಾ. ಮನೆ ಸೇರು, ಬಾಗಿಲು ಹಾಕು, ಕೂತುಕೊಂಡು ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಹಾರನ್ ಸದ್ದು ಕೇಳಿಸಿತೋ, ನಿನ್ನ ಮಾತು ಅರ್ಧದಲ್ಲಿದ್ದರೂ ಫೋನ್ ಇಟ್ಟುಬಿಡುತ್ತೇನೆ. ಅಮ್ಮ ಮುನಿಸಿಕೊಂಡಳು ಅಂದುಕೊಳ್ಳಬೇಡ.