ದೊಡ್ಡವರು ಬೀಳುವ ಗುಂಡಿ

ಬೆಮಿಜಿ, ಮಿನೆಸೋಟ
ಡಿಸೆಂಬರ್ 4

ಪ್ರೀತಿಯ ಆರ್ವಿಡ್,

ನಿನ್ನ ಕೆಮ್ಮು ಹೇಗಿದೆ? ಆ ದೊಡ್ಡ ಕಂಪನಿಯವರು ನಿನಗೆ ಗಾಜಿನ ಕೋಣೆ ಕೊಟ್ಟಿದ್ದಾರಂತಲ್ಲ, ಜೊತೆಗೆ ಒಂದು ಸ್ವೆಟರ್ ಹಾಕಿಕೊಳ್ಳುವಷ್ಟು ಬುದ್ಧಿಯನ್ನೂ ಕೊಟ್ಟಿದ್ದರೆ ಚೆನ್ನಾಗಿತ್ತು. ನನ್ನ ಮಂಡಿನೋವು ಹಾಗೇ ಇದೆ.

ನಿಮ್ಮಪ್ಪನ ವಿಷಯ ಮಾತ್ರ ಕೇಳಬೇಡ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ಇಡೋಣವೆಂದು ಬಂದರೆ, ನಾನು ಇಸ್ತ್ರಿ ಮಾಡಿ ಊಟದ ಮೇಜಿಗೆ ಹಾಸಿದ್ದ ಬಟ್ಟೆಯ ಮೇಲೆ ನೀನು ರೂಪಿಸಿದ ಹೊಸ ಬ್ಯಾಟರಿ ಯಂತ್ರ ಅಂಗಾತ ಮಲಗಿತ್ತು! ಜೀವಮಾನವೆಲ್ಲ ತಮ್ಮದೇ ಕಾರ್ಖಾನೆಯಲ್ಲಿ ಹಿಮ ಎತ್ತಿ ಎಸೆಯುವ ಯಂತ್ರ ತಯಾರಿಸಿದ ಮನುಷ್ಯ, ಅಂಗಡಿಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ಮಗನ ಯಂತ್ರ ತಂದು, ಸ್ಕ್ರೂ ಬಿಚ್ಚುತ್ತಾ ಕೂತಿದ್ದರು. ನಾಚಿಕೆ ಅನ್ನುವುದು ಹತ್ತಿರವೂ ಸುಳಿದಿರಲಿಲ್ಲ. ತಟ್ಟೆ ಕೈಲಿ ಹಿಡಿದು, ನಿಂತುಕೊಂಡೇ ಲೆಫ್ಸೆ ರೊಟ್ಟಿ ತಿಂದೆವು.

ಇದೇ ಯಂತ್ರದ ನಕ್ಷೆಯನ್ನು ನೀನು ಇವರ ಮುಂದೆ ಹಿಡಿದಾಗ ಏನೆಂದರು, ನೆನಪಿದೆಯಾ? "ಮೊದಲು ದೊಡ್ಡ ಕಂಪನಿಯವರು ಮಾಡ್ಲಿ ಬಿಡೋ. ಜನಕ್ಕೆ ಬ್ಯಾಟರಿ ರುಚಿ ಹತ್ತಿಸೋ ಖರ್ಚು ಅವರದ್ದು, ಗುಂಡಿಗೆ ಬೀಳೋದೂ ಅವರೇ. ನಾವು ಗುಂಡಿ ನೋಡ್ಕೊಂಡು ಪಕ್ಕದಲ್ಲಿ ಹೋಗೋಣ." ನೀನು "ಹೇಡಿ" ಎಂದು ಬಾಗಿಲು ಬಡಿದು ಹೋದೆ. ನಾನು ನಿನ್ನನ್ನು ಬೈಯಲಿಲ್ಲ, ನನಗೂ ಅದೇ ಅನ್ನಿಸಿತ್ತು. ಪೆಟ್ರೋಲ್ ಯಂತ್ರವೂ ಹೀಗೇ, ಕೈ ಬೆಚ್ಚಗಿಡುವ ಹಿಡಿಯೂ ಹೀಗೇ, ಬೇರೆಯವರು ಮಾಡಿ ಕೈ ಸುಟ್ಟುಕೊಂಡ ಮೇಲೆಯೇ ಇವರು ಮಾಡಿದ್ದು. ಬೇರೆಯವರು ಎಡವಲಿ ಎಂದು ಬಾಯಿ ಬಿಟ್ಟುಕೊಂಡು ಕಾಯುವುದೂ ಒಂದು ಕಸುಬೇ? ಕೆಲಸಗಾರರ ಸಂಬಳ ಒಂದು ವಾರವೂ ತಪ್ಪಿಲ್ಲವಂತೆ, ಅದೊಂದನ್ನೇ ಹೇಳಿಕೊಂಡು ಎದೆ ಉಬ್ಬಿಸುತ್ತಾರೆ. ನಿಮ್ಮ ಕಂಪನಿಯವರೇನು ಕಮ್ಮಿಯಿಲ್ಲ ಬಿಡು. ಜಾಹೀರಾತಿನಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡು ನಗುವ ಆ ಹೆಂಗಸು, ಹಿಮ ಎತ್ತುವ ಮುಖವೇ ಅದು? ನೋಡಿದಾಗಲೆಲ್ಲ ಟಿವಿ ಆರಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನೂ ನಿನ್ನ ಗಾಜಿನ ಕೋಣೆಯನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ರಾಗ್ನಾ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು. ನಿಮ್ಮಪ್ಪ ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ, ಅದಕ್ಕೇ ಈ ಕಾಗದ. ಯಂತ್ರವನ್ನು ಮತ್ತೆ ಜೋಡಿಸಿ ಹೊರಗೆ ಚಳಿಯಲ್ಲಿ ಬಿಟ್ಟಿದ್ದರು. ಬೆಳಿಗ್ಗೆ ಓಡಿಸಿದರೆ, ಹಿಡಿಯಿಂದ ಕೈ ತೆಗೆದರೂ ಬ್ಲೇಡು ನಿಲ್ಲಲಿಲ್ಲ. ಹಿಡಿಯ ಕೆಳಗಿನ ಸ್ಪ್ರಿಂಗಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಯಾರದಾದರೂ ಬೆರಳು ಹೋಗುವ ಮೊದಲು ಮಾರಾಟ ನಿಲ್ಲಿಸು ಅಂತ ನಿನಗೆ ಬರೆಯಲು ಹೇಳಿದರು. "ಇದೇ ಗುಂಡಿಗಲ್ಲವೇ ಕಾಯ್ತಿದ್ದದ್ದು? ಬಾಯಿ ಮುಚ್ಕೊಂಡು ಕೂತ್ರೆ ಮುಂದಿನ ಚಳಿಗಾಲ ಪೂರ್ತಿ ನಿಮ್ದೇ" ಎಂದು ನಾನು ಅವರನ್ನು ಚುಚ್ಚಿದೆ. "ಸುಮ್ನೆ ಬರಿಯೇ, ಈಗ್ಲೇ ಬರಿ. ಅದು ನನ್ನ ಮಗ ಮಾಡಿದ್ದು" ಎಂದರು, ಆ ಹೇಡಿ.