ನಮ್ಮ ಮಾತಿನ ಟ್ಯಾಕ್ಸ್ ಆಫೀಸರ್

ಜುಲೈ 22, ಮಂಗಳವಾರ, ಸಂಜೆ

ದ್ರಾಕ್ಷಿ ಶೆಡ್ಡಿನಿಂದ ಬಂದೆ. ಬೆರಳೆಲ್ಲ ಅಂಟು. ಕೈ ತೊಳೆಯುವಾಗ ಒಳಗೆ ಅಪ್ಪತ್ತಾಳ ನಗು. ಅಪ್ಪತ್ತಾ ಅಂದರೆ ಅಪ್ಪನ ತಾಯಿ; ಅವಳು ಫೋನಿನಲ್ಲಿ ನಗುವುದನ್ನು ಇವತ್ತೇ ಕೇಳಿದ್ದು.

ಯಾರೋ ಟ್ಯಾಕ್ಸ್ ಆಫೀಸರಂತೆ. ಕನ್ನಡದಲ್ಲಿ ಮಾತಾಡಿದನಂತೆ!

"ಊಟ ಆಯ್ತಾ ಅಜ್ಜಿ ಅಂದ, ಕಣ್ಣು. ಸೊಲ್ಪ ಬೇರೆ ತರ. ಆದ್ರೂ ನಂ ಮಾತೇ."

ಹದಿನಾಲ್ಕು ಸಾವಿರ ರೀಫಂಡ್ ಬರಬೇಕಂತೆ. ತಿಂಗಳೊಳಗೆ ತಗೊಳ್ಳದಿದ್ದರೆ ಹೋಯಿತು. ಯಾರಿಗೂ ಹೇಳಬಾರದಂತೆ. ಬಾಗಿಲಲ್ಲೇ ನಿಲ್ಲಿಸಿ ನನಗೆ ಹೇಳಿದಳು.

"ನೀನು ಟ್ಯಾಕ್ಸ್ ಕಟ್ಟಿದ್ದು ಯಾವಾಗ?" ತಮಿಳಿನಲ್ಲಿ ಕೇಳಿದೆ. ತಮಿಳು ಸೀಮೆಯ ಈ ತೇನಿಯಲ್ಲಿ ನಮ್ಮ ಮನೆಯ ಮಾತು ಕನ್ನಡ, ಆದರೆ ನಾವು ಚಿಕ್ಕವರು ಉತ್ತರ ಹೇಳುವುದು ತಮಿಳಿನಲ್ಲೇ.

"ಸೋಪಿಗೆ ಹಿಡ್ಕಂತಾರಲ್ಲ? ಎಷ್ಟ್ ವರ್ಸದ ಸೋಪು!"

ಜುಲೈ 23

ಕೆಲಸದಲ್ಲೆಲ್ಲ ಅದೇ ಯೋಚನೆ. ಸೋಪಿನ ಟ್ಯಾಕ್ಸ್ ವಾಪಸ್ ಬರುತ್ತದೆಯೇ? ಆಫೀಸರ್ ತೇನಿಯವನಾದರೆ ತಮಿಳಲ್ಲವೇ ಆಡಬೇಕು? ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ನಾನು ಓದಿದ್ದು ಐದನೇ ಕ್ಲಾಸು.

ಈ ಡೈರಿಯಲ್ಲಿ ನಾಚಿಕೆಯಿಲ್ಲ. ಬರೆಯುವುದು ನಮ್ಮ ಮಾತು, ತಮಿಳು ಅಕ್ಷರದಲ್ಲಿ. ಅಕ್ಷರ ಬಲ್ಲ ಊರಿನವರಿಗೆ ಮಾತು ತಿಳಿಯದು. ಮಾತು ಬಲ್ಲ ಅಪ್ಪತ್ತಾಳಿಗೆ ಅಕ್ಷರ ಬಾರದು.

ಸಂಜೆ ಮತ್ತೆ ಅವನ ಫೋನು. "ಯಾವ ಕುಲ ಸಾಮಿ ನೀನು? ಮದ್ವೆ ಆಗೈತಾ?" ಎಂದು ಇವಳು. ನನ್ನ ಕಡೆ ಬೇರೆ ನೋಡುತ್ತಾಳೆ! ಅವನು ನಕ್ಕ. ಶುಕ್ರವಾರ ಮತ್ತೆ ಫೋನ್ ಮಾಡುತ್ತಾನಂತೆ. ಬ್ಯಾಂಕ್ ಕಾರ್ಡು ಹತ್ತಿರ ಇಟ್ಟುಕೊಂಡು, ಫೋನಿಗೆ ಬರುವ ಓಟಿಪಿ ಓದಿ ಹೇಳಬೇಕಂತೆ.

ಬ್ಯಾಂಕಿನಲ್ಲಿರುವುದು ತಂಡಟ್ಟಿಯ ದುಡ್ಡು. ನನಗೆ ಹೊಲಿಗೆ ಮೆಷಿನ್ ಕೊಡಿಸಲು ಆ ಭಾರದ ಬಂಗಾರದ ಓಲೆ ಮಾರಿದಳು. ಈಗ ಬರಿಯ ಕಿವಿಹಾಲೆ ಭುಜದ ತನಕ ತೂಗುತ್ತದೆ.

ಜುಲೈ 24, ಸಂಜೆ

ತಿಳಿಯಿತು. ಸಿಮ್ಮು!

ಆಂಡಿ ಚಿಕ್ಕಪ್ಪ ದ್ರಾಕ್ಷಿ ಲಾರಿ ಓಡಿಸುವಾಗ ಬೆಂಗಳೂರಿನಲ್ಲಿ ತಗೊಂಡ ಸಿಮ್ಮು. ಆಮೇಲೆ ಅಪ್ಪತ್ತಾಳಿಗೆ ಕೊಟ್ಟದ್ದು. ನಂಬರ್ ಕರ್ನಾಟಕದ್ದು, ಅದಕ್ಕೇ ಕನ್ನಡ. ಅವನಿಗೆ ಗೊತ್ತಿರುವುದು ನಂಬರ್. ಅಪ್ಪತ್ತಾ ಅಲ್ಲ.

ಸರ್ಕಾರಿ ಅರ್ಜಿ ಹಾಕಿಕೊಡುವ ಇ-ಸೇವೈ ಸೆಂಟರಿನ ನಿವೇತಾಳ ಹತ್ತಿರ ಹೋದೆ. ಎಲ್ಲರೂ ಹೋಗುವ ತನಕ ಹೊರಗೇ ನಿಂತಿದ್ದೆ. ರೀಫಂಡ್ ಇದ್ದರೆ ನೇರ ಅಕೌಂಟಿಗೇ ಬರುತ್ತದಂತೆ. ಅದಕ್ಕೆ ಯಾರೂ ಫೋನ್ ಮಾಡಿ ಕಾರ್ಡು, ಓಟಿಪಿ ಕೇಳುವುದಿಲ್ಲ. ಹೇಳಿದರೆ ದುಡ್ಡು ಬರುವುದಲ್ಲ, ಹೋಗುವುದು. ಹೋದರೆ ತಕ್ಷಣ ಸೈಬರ್ ಪೊಲೀಸರ ನಂಬರ್ 1930ಕ್ಕೆ ಹೇಳು ಎಂದಳು.

ಮನೆಗೆ ಬಂದು ಎಲ್ಲ ಹೇಳಿದೆ. ಅಪ್ಪತ್ತಾ ನಂಬಲಿಲ್ಲ.

"ಅವ್ನು ನಂ ಮಾತ್ನಾಗೆ ಕೇಳ್ದ, ಊಟ ಆಯ್ತಾ ಅಂತ. ಈ ಮನ್ಯಾಗೆ ಯಾರ್ ಕೇಳ್ತೀರಿ?"

 

ಜುಲೈ 25, ಶುಕ್ರವಾರ

ಶೆಡ್ಡಿಗೆ ಹೋಗಲಿಲ್ಲ. ಅಪ್ಪತ್ತಾ ಮಡಿಲಲ್ಲಿ ಕಾರ್ಡು ಇಟ್ಟುಕೊಂಡು ಕೂತಿದ್ದಾಳೆ. ನನ್ನನ್ನು ನೋಡುತ್ತಿಲ್ಲ.

 ಆದರೂ ಹೇಳಿದೆ — ನಮ್ಮ ಮಾತಿನಲ್ಲಿ, ಗಟ್ಟಿಯಾಗಿ.

"ಉಂಡ್ಯಾ ಅಪ್ಪತ್ತಾ? ಓಟಿಪಿ ನಂಬರ್ ಕೊಡಬ್ಯಾಡ. ನಮ್ಮೂರು ಯಾವ್ದು ಅಂತ ಕೇಳು ಅವ್ನ."

ತಲೆಯೆತ್ತಿದಳು. "ಇನ್ನೊಂದ್ ಕಿತ ಹೇಳು."

"ನಮ್ಮೂರು ಯಾವ್ದು ಅಂತ—"

"ಅದಲ್ಲ. ಮೊದಲ್ದು."

"ಉಂಡ್ಯಾ?"

ಕಾರ್ಡು ನನ್ನ ಕೈಗೆ ಬಂತು. ಇನ್ನೂ ಬೆಚ್ಚಗಿದೆ. ಕಾಲಡಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಫೋನು. ಸ್ಪೀಕರಿಗೆ ಹಾಕಿಸಿದಳು. "ಊಟ ಆಯ್ತಾ ಅಜ್ಜಿ?"

"ಆತು ಸಾಮಿ. ನಂ ಮೊಮ್ಮಗ್ಳು ಕೇಳಿದ್ಲು. ನಮ್ಮೂರು ಯಾವ್ದು, ಹೇಳು?"

 ಅವನು — "ಬೆಂಗಳೂರೇ ಅಲ್ವಾ ಅಜ್ಜಿ?"

ಅಪ್ಪತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಹಾಲೆಗಳು ಕುಣಿಯುತ್ತಿವೆ. ಕಟ್ ಮಾಡು ಎಂದು ಕೈ ತೋರಿಸಿದೆ. ಮಾಡುವುದಿಲ್ಲ.

"ಇರು ಸಾಮಿ. ಇಷ್ಟ್ ಚೆಂದ ಮಾತು ನಿಂಗೆ ಯಾರ್ ಕಲಿಸಿದ್ರು? ನಿಮ್ಮವ್ವನಾ?"

 ಅವನೂ ಕಟ್ ಮಾಡಿಲ್ಲ. ಈಗ ಏನೋ ಹೇಳುತ್ತಿದ್ದಾನೆ—