ಕರೆವ್ವ ಕೇಳಿದ ಕೂಲಿ

18 ಫೆಬ್ರವರಿ, ಬ್ಯಾಡಗಿ

ಕರೆವ್ವನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಇಂದು ಕೂಲಿ ಹೆಚ್ಚಿಸಿ ಎಂದು ಕೇಳಿದಳು.

"ಗೃಹಲಕ್ಷ್ಮಿ ರೊಕ್ಕ ಬರತೈತಿ, ಬಸ್ ಫ್ರೀ ಐತಿ. ಇನ್ನೂ ಎಷ್ಟು ಬೇಕು ನಿಮಗ?" ಎಂದರು ಇವರು.

"ಅಕ್ಕಾರೂ ತವರಿಗೆ ಫ್ರೀ ಬಸ್ಸಿನ್ಯಾಗ ಹೋಗ್ತಾರಲ್ರಿ ಸಾವ್ಕಾರ್ರ. ಅದಕ್ಕ ನೀವು ಲಾಭ ಕಡಿಮಿ ಮಾಡ್ಕೊಂಡೀರೇನ್ರಿ?" ಎಂದಳು ನನ್ನತ್ತ ಕೈ ತೋರಿಸಿ.

ಉಳಿದ ಹೆಂಗಸರು ತಲೆ ತಗ್ಗಿಸಿ ನಕ್ಕರು. ನಾಳೆಯಿಂದ ಬರಬೇಡ ಎಂದುಬಿಟ್ಟರು ಇವರು. ಅವಳು ಸೆರಗಿನ ಖಾರದ ಧೂಳು ಕೊಡವಿ, "ಬರ್ತೀನ್ರಿ ಅಕ್ಕಾ" ಎಂದು ನನಗಷ್ಟೇ ಹೇಳಿ ಹೋದಳು.

ಊಟಕ್ಕೆ ಕೂತಾಗ, "ಆಕಿ ಕೇಳಿದ್ದರಾಗ ತಪ್ಪೇನೈತ್ರಿ?" ಎಂದೆ. ಇವರು ರೇಗಲಿಲ್ಲ.

"ಹಂಗಾದ್ರ ನಾಳಿಂದ ಆಕಿ ಜಾಗದಾಗ ನೀನ ಕುಂದ್ರು," ಎಂದು ಮೊಸರು ಹಾಕಿಸಿಕೊಂಡರು.

ನಾನಾದರೆ ಕೂಲಿ ಕೇಳುವುದಿಲ್ಲ ಎಂಬುದು ಇವರಿಗೆ ಗೊತ್ತು.